ಅಕ್ಕ ಬೇಯಿಸಿದ ಅವರೆ

ಕೆ.ಆರ್. ನಗರದ ಕಾಲೇಜಿನಲ್ಲಿ ಹುಡುಗರಿಗೆ ಅರ್ಥಶಾಸ್ತ್ರ ಹೇಳುವುದು ನನ್ನ ಕಸುಬು. ಬಂದದ್ದನ್ನೆಲ್ಲ ಕೊಂಡು ತಿಂದು ಮುಗಿಸುವ ದೇಶಕ್ಕೆ ನಾಳೆಗೆ ಬಂಡವಾಳವೇ ಉಳಿಯುವುದಿಲ್ಲ ಎಂದು ಮೇಜು ಕುಟ್ಟಿ ಹೇಳುತ್ತೇನೆ. ಸ್ಟಾಫ್ ರೂಮಿಗೆ ಬಂದು ಮೊಬೈಲಿನಲ್ಲಿ ಏನಾದರೂ ಆರ್ಡರ್ ಮಾಡುತ್ತೇನೆ. ಸುಲಿದ ಅವರೆಕಾಳು ಕೂಡ ಈಗ ವರ್ಷವಿಡೀ ಪಾಕೀಟಿನಲ್ಲಿ ಸಿಗುತ್ತದೆ. ತರಿಸುತ್ತೇನೆ, ತಿನ್ನುತ್ತೇನೆ, ಸಪ್ಪೆ ಎಂದು ಗೊಣಗುತ್ತೇನೆ.

ಮಧ್ಯಾಹ್ನದ ಜೊಂಪಿನಲ್ಲಿ ಹಳೆಯ ಅವರೆ ನೆನಪಾಗುತ್ತಿತ್ತು. ಚುಂಚನಕಟ್ಟೆಯ ಹತ್ತಿರದ ನಮ್ಮ ಹೊಲ, ರಾಗಿಯ ನಡುವೆ ಅವರೆಯ ಸಾಲು, ಇಬ್ಬನಿ, ಕಾಯಿ ಮುಟ್ಟಿದರೆ ಬೆರಳಿಗೆ ಅಂಟುವ ಸೊಗಡು. ಆ ಹೊಲವನ್ನು ನಾವು ಗದ್ದೆ ಮಾಡಿದೆವು, ಅವರೆ ಹೋಯಿತು. ಬೀಜ ಉಳಿದದ್ದು ಭೇರ್ಯದ ಕಡೆ ಕೊಟ್ಟಿದ್ದ ಅಕ್ಕನ ಮನೆಯಲ್ಲಿ ಮಾತ್ರ. ಮದುವೆಯಾದ ವರ್ಷ ಅವ್ವ ಅವಳಿಗೆ ಗಂಟು ಕಟ್ಟಿ ಕೊಟ್ಟಿದ್ದ ಕಾಳು ಅದು. ವರ್ಷ ವರ್ಷ ಬೆಳೆಯುತ್ತಾರೆ, ಮನೆ ತುಂಬ ಇರುತ್ತದೆ ಎಂದುಕೊಂಡಿದ್ದೆ.

ರಾಗಿ ಬಿತ್ತುವ ಕಾಲದ ಒಂದು ಭಾನುವಾರ ಅಲ್ಲಿಗೆ ಹೋದೆ. ತವರಿಂದ ತಮ್ಮ ಬಂದನೆಂದು ಅಕ್ಕನಿಗೆ ಸಂಭ್ರಮವೋ ಸಂಭ್ರಮ.

"ಏನ್ ಮಾಡ್ಲಪ್ಪಾ ನಿಂಗೆ? ಕೋಳಿ ಕುಯ್ಯಾನಾ?"

"ಕೋಳಿ ಬ್ಯಾಡ ಕಣಕ್ಕ. ಅವ್ವ ಮಾಡ್ತಿದ್ದಂಗೆ ಅವರೆಕಾಳ್ ಸಾರು ಮಾಡು, ಸಾಕು."

ಅಕ್ಕ ತಲೆಯೆತ್ತಿ ಅಟ್ಟದ ಕಡೆ ನೋಡಿದಳು. ಆಮೇಲೆ ಅಟ್ಟದಿಂದ ಒಂದು ಮಡಕೆ ಇಳಿಸಿ, ಕಾಳಿಗೆ ಮೆತ್ತಿದ್ದ ಬೂದಿ ತೊಳೆದು ಬಿಸಿನೀರಿನಲ್ಲಿ ನೆನೆಹಾಕಿದಳು.

ನಾನು ಜಗುಲಿಯಲ್ಲಿ ಅಡ್ಡಾದೆ. ನಿದ್ದೆಯೋ ಎಚ್ಚರವೋ ತಿಳಿಯದ ಹೊತ್ತಿನಲ್ಲಿ ಒಳಗಿಂದ ಘಮ ಬಂತು. ಬರಿಗಾಲಲ್ಲಿ ಇಬ್ಬನಿ ತುಳಿಯುತ್ತ ನಡೆಯುತ್ತಿದ್ದೆ. ಆ ಹೊಲಕ್ಕೆ ಬದುವೇ ಇರಲಿಲ್ಲ, ಎಷ್ಟು ನಡೆದರೂ ಅವರೆ ಹೂವು. ದೂರದಲ್ಲೆಲ್ಲೋ ಅವ್ವ ಕರೆದ ಹಾಗಾಯಿತು. ಕರೆದದ್ದು ಅಕ್ಕ, ಊಟಕ್ಕೆ. ಎರಡು ಮುದ್ದೆ ಉಂಡೆ, ಮೂರು ಸಲ ಸಾರು ಹಾಕಿಸಿಕೊಂಡೆ. ಅಷ್ಟು ಸುಖವಾಗಿ ನಾನು ಉಂಡು ವರ್ಷಗಳೇ ಆಗಿದ್ದವು.

ಕೈ ತೊಳೆಯುತ್ತಿದ್ದಾಗ ಬಾವ ಹೊಲದಿಂದ ಬಂದರು. "ನೆಲದ್ ಹದ ಚೆಂದಾಗದೆ. ಬಿತ್ನೆ ಅವರೆ ಇಳ್ಸಮ್ಮಿ, ನಾಳೀಕೆ ಹಾಕ್ಬುಡಾನ," ಎಂದರು.

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಹುಳಾ ತಿಂದು ಉಳ್ದಿದ್ದೇ ಅಷ್ಟು ಕಣ್ರೀ. ತಮ್ಮ ಬಾಯ್ಬುಟ್ಟು ಕೇಳ್ದ. ಇಲ್ಲ ಅನ್ನಕ್ಕಾಗ್ನಿಲ್ಲ."

ಬಾವ ಬೈಯಲಿಲ್ಲ. ನನ್ನ ಮುಖ ನೋಡಿ, "ಸಾರು ಚೆಂದಾಗಿತ್ತಾ ಬಾಮೈದ?" ಎಂದರು. ನಾನು ತೊಳೆದ ಕೈಯನ್ನೇ ಮತ್ತೆ ತೊಳೆದೆ.

ಮಾರನೆಯ ಬೆಳಿಗ್ಗೆ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬೀಜದ ಅಂಗಡಿಗೆ ಹೋದೆ. ಬಾವ ಬಣ್ಣದ ಪಾಕೀಟೊಂದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಇದ್ರಲ್ಲಿ ಬೆಳ್ದಿದ್ದ ಮುಂದಿನ್ ವರ್ಸದ್ ಬಿತ್ನೆಗೆ ಎತ್ತಿಕ್ಕಬೌದಾ?"

ಅಂಗಡಿಯವನು ನಕ್ಕ. "ಯಾಕ್ ಎತ್ತಿಕ್ಕೀರಿ ಯಜಮಾನ್ರೇ? ಮುಂದಿನ್ ವರ್ಸಾನೂ ಅಂಗ್ಡಿ ಇಲ್ಲೇ ಇರ್ತದಲ್ಲ!"

ಬಾವನೂ ನಕ್ಕು ಪಾಕೀಟನ್ನು ಜೇಬಿಗಿಟ್ಟುಕೊಂಡರು. ಒಮ್ಮೆಯೂ ಬೀಜ ಕೊಳ್ಳದಿದ್ದ ಮನುಷ್ಯನನ್ನು ವರ್ಷ ವರ್ಷದ ಗಿರಾಕಿ ಮಾಡಿ, ಆ ಅಂಗಡಿಗೆ ನಾನೇ ಕರೆತಂದು ಒಪ್ಪಿಸಿದ್ದೆ.