ಅಪ್ಪ ಇಂಗ್ಲಿಷ್ ಕ್ಲಾಸಿಗೆ ಬಂದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಹುಬ್ಬಳ್ಳಿಯ ಸಾಲೆಯಲ್ಲಿ ಇಂಗ್ಲಿಷ್ ಎಂಬುದು ಬೆತ್ತದ ಇನ್ನೊಂದು ಹೆಸರಾಗಿತ್ತು. ಕನ್ನಡ ಸಾಲೆಯಲ್ಲಿ ನಗುನಗುತ್ತ ಓದಿದ ನಾವು ಹುಡುಗರು ಹೈಸ್ಕೂಲಿನ ಮೆಟ್ಟಿಲು ಹತ್ತಿದೊಡನೆ ಮುದುಡಿಕೊಳ್ಳುತ್ತಿದ್ದೆವು. ಅಲ್ಲಿ ಲೆಕ್ಕವೂ ಇಂಗ್ಲಿಷಿನಲ್ಲಿ, ಇತಿಹಾಸವೂ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಕಲಿಸುವ ಮಾಸ್ತರರು ರುಮಾಲು ಸುತ್ತಿ, ಕರಿ ಕೋಟು ತೊಟ್ಟು ಬಾಗಿಲಲ್ಲಿ ಕಾಣಿಸಿಕೊಂಡರೆ ನಮ್ಮ ಅಂಗೈ ತಾನಾಗಿಯೇ ಬೆವರುತ್ತಿತ್ತು.

ಅಪ್ಪ ಹತ್ತಿ ಕಾರ್ಖಾನೆಯಲ್ಲಿ ಅಂಡಿಗೆ ಹೊರುತ್ತಿದ್ದ. ಅಂಡಿಗೆ ಎಂದರೆ ಹತ್ತಿ ತುರುಕಿದ ದೊಡ್ಡ ಮೂಟೆ. ಅದಕ್ಕೆ ಕಬ್ಬಿಣದ ಕೊಕ್ಕೆ ಹಾಕಿ ಎಳೆದು ಬೆನ್ನಿಗೆ ಏರಿಸಿಕೊಳ್ಳಬೇಕಿತ್ತು. ಅಲ್ಲಿಯ ಬಿಳಿಯ ಸಾಹೇಬ ಒಮ್ಮೆ ಇಂಗ್ಲಿಷಿನಲ್ಲಿ ಏನೋ ಒದರಿ, ಅಪ್ಪನನ್ನು ಬೂಟುಗಾಲಿನಿಂದ ಒದ್ದಿದ್ದನಂತೆ. ಒದೆ ತಿಂದದ್ದಕ್ಕಿಂತ, ಯಾಕೆ ತಿಂದೆ ಎಂದು ತಿಳಿಯದೆ ಹೋದದ್ದು ಅಪ್ಪನನ್ನು ಸುಡುತ್ತಿತ್ತು. ಅದಕ್ಕೇ ನನ್ನನ್ನು ಹೈಸ್ಕೂಲಿಗೆ ಹಾಕಿದ ದಿನ ಮಾಸ್ತರರ ಮುಂದೆ ಕೈಮುಗಿದು ಹೇಳಿದ: "ತೊಗಲು ನಿಮ್ದು, ಎಲುಬು ನಮ್ದು ರೀ. ಎಷ್ಟರ ಬಡೀರಿ, ಇಂಗ್ಲಿಷ್ ಮಾತ್ರ ಕಲಸ್ರಿ."

ಮಾಸ್ತರರು ಆ ಮಾತನ್ನು ಚೆನ್ನಾಗಿ ನಡೆಸಿಕೊಟ್ಟರು. ಒಂದು ಅಕ್ಷರ ತಪ್ಪಿದರೂ ಬೆತ್ತ ಬೀಳುತ್ತಿತ್ತು. ಸಂಜೆ ಅಪ್ಪ ನನ್ನ ಕೈ ಮೇಲಿನ ಬಾಸುಂಡೆ ನೋಡಿ, "ಮಾಸ್ತರು ಬಡದಾರಂದ್ರ ನೀ ತಪ್ಪು ಮಾಡಿರಬೇಕು" ಎಂದು ಇನ್ನೆರಡು ಬಾರಿಸುತ್ತಿದ್ದ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಪೆಟ್ಟು ತಪ್ಪಿಸಿಕೊಳ್ಳಲು ನಾನು ಇಡೀ ಪುಸ್ತಕವನ್ನೇ ಬಾಯಿಪಾಠ ಮಾಡಿದೆ. ಅರ್ಥ ಒಂದು ಸಾಲಿನದ್ದೂ ಗೊತ್ತಿರಲಿಲ್ಲ.

ಒಂದು ಬೇಸಿಗೆಯ ದಿನ ಸಾಲೆಗಳ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಸಾಹೇಬರು ನಮ್ಮ ಕ್ಲಾಸಿಗೆ ಬಂದರು. ಬೀದಿಯಲ್ಲಿ ಹತ್ತಿ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಕಿಟಕಿಯಿಂದ ತೂರಿಬಂದ ಅರಳೆ ಮಾಸ್ತರರ ಕರಿ ಕೋಟಿಗೆ ಅಂಟಿಕೊಂಡಿತ್ತು. ಸಾಹೇಬರು ನನ್ನನ್ನೇ ಎಬ್ಬಿಸಿ, "ವಾಟ್ ಡಸ್ ಯುವರ್ ಫಾದರ್ ಡೂ?" ಎಂದರು. ಅಪ್ಪ ಏನು ಮಾಡುತ್ತಾನೆ ಎಂಬುದು ಪ್ರಶ್ನೆ. ನನ್ನ ಕಿವಿಗೆ ಬಿದ್ದದ್ದು 'ಫಾದರ್' ಒಂದೇ. ಬಾಯಿಪಾಠದಲ್ಲಿ ಆ ಶಬ್ದ ಎಲ್ಲಿದೆಯೆಂದು ಹುಡುಕಿ, ಗಟ್ಟಿ ದನಿಯಲ್ಲಿ ಒಪ್ಪಿಸಿದೆ: "ದಿ ಫಾದರ್ ಆಫ್ ದಿ ಲ್ಯಾಂಬ್ ಈಸ್ ದಿ ರ‍್ಯಾಮ್."

ಕುರಿಮರಿಯ ಅಪ್ಪ ಟಗರು ಎಂದು ಹೇಳಿದ್ದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗರು ಯಾರೂ ನಗಲಿಲ್ಲ, ಅವರಿಗೂ ಅರ್ಥವಾಗಿರಲಿಲ್ಲ. ಸಾಹೇಬರು ಹೊರಡುವಾಗ ಮಾಸ್ತರರ ಕಿವಿಯಲ್ಲಿ ಏನೋ ಹೇಳಿದರು. ಮಾಸ್ತರರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

ಸಾಹೇಬರ ಟಾಂಗಾದ ಸದ್ದು ದೂರವಾದ ಮೇಲೆ ಮಾಸ್ತರರು ಬಾಗಿಲು ಮುಚ್ಚಿದರು. ಮೊದಲು ಬೆತ್ತ ತೆಗೆದುಕೊಂಡರು. ಬೆನ್ನು, ತೊಡೆ, ಕಿವಿ, ಎಲ್ಲೆಂದರಲ್ಲಿ ಬಿತ್ತು. ಬೆತ್ತ ಸೀಳಿ ಎರಡಾದಾಗ ಮೇಜಿನ ಮೇಲಿದ್ದ ದಪ್ಪ ರೂಲು ಹಿಡಿದರು. ನಾನು ತಲೆಗೆ ಅಡ್ಡವಾಗಿ ಬಲಗೈ ಒಡ್ಡಿದೆ. ಒಣ ಕಟ್ಟಿಗೆ ಮುರಿದಂಥ ಶಬ್ದ ಕೇಳಿತು. ನನ್ನ ಎರಡು ಬೆರಳು ಬೇರೆ ಯಾರದೋ ಬೆರಳಿನಂತೆ ಅಡ್ಡಕ್ಕೆ ತಿರುಗಿ ನಿಂತಿದ್ದವು. ಮೂಗಿನಿಂದ ಇಳಿದ ರಕ್ತ ಉಪ್ಪುಪ್ಪಾಗಿ ಬಾಯಿಗೆ ಬರುತ್ತಿತ್ತು. ಕೂಗು ಕೇಳಿ ಓಡಿಬಂದ ಸಾಲೆಯ ಸಿಪಾಯಿ ಅವರ ಕೈ ಹಿಡಿದ, ನನ್ನನ್ನು ಹೊರಗೆ ಕಳಿಸಿದ.

ಮನೆಗೆ ಹೋದಾಗ ಅಪ್ಪ ಮಧ್ಯಾಹ್ನದ ರೊಟ್ಟಿಗೆ ಬಂದು ಕೂತಿದ್ದ. ರೂಢಿಯಂತೆ ಎದ್ದು ನನಗೆ ಹೊಡೆಯಲು ಕೈ ಎತ್ತಿದ. ಅಷ್ಟರಲ್ಲಿ ಬೆರಳು ಕಂಡವು. ಎತ್ತಿದ ಕೈ ಅಲ್ಲೇ ನಿಂತಿತು. ಗೋಡೆಗೆ ತೂಗುಹಾಕಿದ್ದ ಕೊಕ್ಕೆ ತೆಗೆದುಕೊಂಡು ಹೊರಬಿದ್ದ.

"ತಮ್ಮಾ, ಲಗೂ ನಡಿ. ಅಪ್ಪ ಅವ್ರನ್ನ ಕೊಂದ ಬಿಡ್ತಾನ" ಎಂದಳು ಅಕ್ಕ. ದುರ್ಗದಬೈಲಿನ ಪೇಟೆಯ ಗದ್ದಲದಲ್ಲಿ ಮೆಣಸಿನಕಾಯಿ ಘಾಟು ಕುಡಿಯುತ್ತ, ಗಾಡಿಗಳ ನಡುವೆ ನುಸುಳುತ್ತ ಇಬ್ಬರೂ ಓಡಿದೆವು. ನನ್ನ ಕೈಯನ್ನು ಅಕ್ಕ ತನ್ನ ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು.

ನಾವು ಮುಟ್ಟುವ ಹೊತ್ತಿಗೆ ಹುಡುಗರು ಕಿಟಕಿಯಿಂದ ಹಾರುತ್ತಿದ್ದರು. ಒಳಗೆ ಬೆಂಚುಗಳು ಉರುಳಿದ್ದವು, ಶಾಯಿ ನೆಲದ ತುಂಬ ಹರಿದಿತ್ತು. ಅಪ್ಪ ಮಾಸ್ತರರ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ಮುಖಕ್ಕೆ ಗುದ್ದಿದ. ಮತ್ತೆ ಗುದ್ದಿದ. ರುಮಾಲು ಬಿಚ್ಚಿ ಹೆಗಲ ಮೇಲೆ ಬಿತ್ತು, ತುಟಿ ಸೀಳಿತು. ನನ್ನನ್ನು ನಡುಗಿಸುತ್ತಿದ್ದ ಆ ಮನುಷ್ಯ ಈಗ ತಾನೇ ಗಡಗಡ ನಡುಗುತ್ತಿದ್ದರು. ಅದನ್ನು ನೋಡಿ ನನಗೆ ಸಂತೋಷವಾಗಲಿಲ್ಲ. ಅಪ್ಪ ಕೊಕ್ಕೆ ಮೇಲೆತ್ತಿದ. ಅಕ್ಕ ಅವನ ತೋಳಿಗೆ ಜೋತುಬಿದ್ದಳು.

ರಕ್ತ ತುಂಬಿದ ಬಾಯಿಂದ ಮಾಸ್ತರರು ತೊದಲಿದರು: "ನೀವ ಹೇಳಿದ್ರಿ... ತೊಗಲು ನಿಮ್ದು ಅಂತ ನೀವ ಹೇಳಿದ್ರಿ."

ಅಪ್ಪನ ಕೈ ಸಡಿಲವಾಯಿತು. ಅವನು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದ. ಕೊಕ್ಕೆ ಶಾಯಿಯಲ್ಲಿ ಬಿತ್ತು.

ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದರು. ವಯಸ್ಸಾದವರು, ಬಡಕಲು ಮೈಯವರು. ಉರುಳಿದ್ದ ಬೆಂಚನ್ನು ತಾವೇ ಎತ್ತಿ ನಿಲ್ಲಿಸಿ, "ಕೂಡ್ರಿ" ಎಂದರು. ಅಪ್ಪ ಕೂತ. "ಪೊಲೀಸರನ್ನ ಕರೀಬಹುದು. ಕರದ್ರ ಇಬ್ರನ್ನೂ ಒಯ್ಯೂ ಹಂಗ ಆಗ್ತದ. ಅದಕ್ಕ ಮೊದಲ ಒಂದು ಮಾತು ಹೇಳ್ರಿ. ನಿಮ್ಮ ಮಗ ಇಲ್ಲೆ ಏನು ಕಲೀಲಿಕ್ಕತ್ತಾನ?"

"ಇಂಗ್ಲಿಷ್ ರೀ."

"ಇಂಗ್ಲಿಷಿನ್ಯಾಗ ಏನು?"

ಅಪ್ಪ ತಲೆ ತಗ್ಗಿಸಿದ. "ನನಗ ಒಂದು ಅಕ್ಷರ ಬರೂದಿಲ್ರಿ. ಬಡಿಯೂದೊಂದ ಬರತೈತಿ. ಅದನ್ನ ಮಾಡೀನಿ."

ಹೆಡ್‌ಮಾಸ್ತರರು ನನ್ನ ಪುಸ್ತಕ ತರಿಸಿ ಅಪ್ಪನ ಪಕ್ಕದಲ್ಲೇ ಕೂತು ಹಾಳೆ ತಿರುವಿದರು. ಇದು ಕಥೆ, ಇದು ವ್ಯಾಕರಣ, ಇದು ಪತ್ರ ಬರೆಯುವ ರೀತಿ ಎಂದು ಒಂದೊಂದಾಗಿ ತೋರಿಸಿದರು. "ನಿಮಗ ಇಂಗ್ಲಿಷ್ ಬರೂದು ಬ್ಯಾಡ. ದಿನಾ ಒಂದು ಪಾಠ ಓದಿಸ್ರಿ. ಆಮ್ಯಾಲೆ ಅದನ್ನ ಕನ್ನಡದಾಗ ಹೇಳು ಅನ್ರಿ. ಕಥಿ ನಿಮಗ ತಿಳೀತು ಅಂದ್ರ ಅವಗೂ ತಿಳದದ. ತಿಳೀಲಿಲ್ಲ ಅಂದ್ರ ಮರುದಿನ ಇಲ್ಲೆ ಬಂದು ಕೇಳಲಿ. ಕೇಳಿದವರಿಗೆ ಯಾರೂ ಬಡಿಯೂದಿಲ್ಲ." ಆಮೇಲೆ ಮಾಸ್ತರರ ಕಡೆ ತಿರುಗಿ, "ಇನ್ನ ಮ್ಯಾಲೆ ರೂಲು ಗೆರಿ ಎಳೀಲಿಕ್ಕೆ ಅಷ್ಟ" ಎಂದರು.

ಅಲ್ಲಿಂದ ಅಪ್ಪ ನನ್ನನ್ನು ಎಲುಬು ಕೂಡಿಸುವ ಮುದುಕನ ಹತ್ತಿರ ಕರೆದುಕೊಂಡು ಹೋದ. ಅವನು ಬೆರಳನ್ನು ಜಗ್ಗಿ ಕೂಡಿಸಿ, ಬಿದಿರಿನ ದಬ್ಬೆ ಇಟ್ಟು ಕಟ್ಟುವಾಗ ನಾನು ಅಪ್ಪನ ಭುಜ ಕಚ್ಚಿದೆ. ಹಲ್ಲು ಇಳಿದರೂ ಅಪ್ಪ ಅಲುಗಲಿಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ಅಪ್ಪ ಕಂಬಳಿ ಹಾಸಿ ಕೂತು, "ಪುಸ್ತಕ ತಾ" ಎಂದ. ಅಕ್ಕ ಪುಸ್ತಕ ಹಿಡಿದಳು, ನಾನು ಓದಿದೆ. ಒಬ್ಬ ರೈತ ತನ್ನ ಕುದುರೆಯನ್ನು ಸಂತೆಗೆ ಒಯ್ದು ಮಾರುವ ಪಾಠ. ಗೊತ್ತಿದ್ದ ಶಬ್ದಗಳನ್ನು ಒಂದೊಂದಾಗಿ ಕೂಡಿಸಿ, ತಡವರಿಸುತ್ತ ಕನ್ನಡದಲ್ಲಿ ಹೇಳಿದೆ.

"ಕುದುರಿ ಯಾಕ ಮಾರಿದ?" ಎಂದ ಅಪ್ಪ.

ನನಗೆ ಗೊತ್ತಿರಲಿಲ್ಲ. ಪೆಟ್ಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. "ಅದರಾಗ ಬರದಿರತಾರ. ನೋಡು" ಎಂದ ಅಪ್ಪ. ನೋಡಿದೆ. ಎರಡು ಸಾಲಿನ ಕೆಳಗೆ ಇತ್ತು. ಕುದುರೆಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಅಪ್ಪ ಲೊಚಗುಟ್ಟಿ, "ಅಯ್ಯೋ ಪಾಪ. ಮುಂದ?" ಎಂದು ಹತ್ತಿರ ಸರಿದ. ನಾನು ಬಾಯಿಪಾಠ ಬಿಟ್ಟು ಓದಲು ಕಲಿತದ್ದು ಆಗ.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಆ ಮಾಸ್ತರರು ನನ್ನ ಮೇಲೆ ಮತ್ತೆ ಕೈ ಮಾಡಲಿಲ್ಲ, ಆದರೆ ನನ್ನ ಮುಖವನ್ನೂ ನೋಡಲಿಲ್ಲ. ಬೀದಿಯಲ್ಲಿ ಎದುರಾದರೆ ಅಪ್ಪ ಮತ್ತು ಅವರು ಬೇರೆ ಬೇರೆ ಬದಿ ಹಿಡಿಯುತ್ತಿದ್ದರು. ನಾನು ಮ್ಯಾಟ್ರಿಕ್ ಪಾಸಾದ ದಿನವೂ ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಪುಸ್ತಕಗಳ ಕಥೆಗಳೆಲ್ಲ ಮಾತ್ರ ಅವನಿಗೆ ಗೊತ್ತಿದ್ದವು. ಕಾರ್ಖಾನೆಯಲ್ಲಿ ಗೆಳೆಯರಿಗೆ ಹೇಳುತ್ತಿದ್ದನಂತೆ.

ಮೊಮ್ಮಕ್ಕಳೇ, ನಿಮ್ಮ ಸಾಲೆಯಲ್ಲಿ ಬೆತ್ತವಿಲ್ಲ. ಪಾಲಕರ ಸಭೆಗೆ ಕರೆದು ಕುರ್ಚಿ ಹಾಕುತ್ತಾರೆ, ಚಹಾ ಕೊಡುತ್ತಾರೆ. ಮೊನ್ನೆ ನಿಮ್ಮ ಅಮ್ಮ ಹೋಗಿ ಬಂದಳಲ್ಲ, ಇಂಗ್ಲಿಷ್ ಟೀಚರ್ ಹೇಳಿದ್ದು ಅವಳಿಗೆ ಅರ್ಧವೂ ತಿಳಿಯಲಿಲ್ಲವಂತೆ. ಎಲ್ಲರ ಮುಂದೆ ಕೇಳಲು ನಾಚಿ ಸುಮ್ಮನೆ ತಲೆಯಾಡಿಸಿ ಬಂದಳು. ಸಂಜೆ ನಿಮ್ಮ ಮೇಲೆ ಸಿಡುಕಿದ್ದು ಅದಕ್ಕೇ. ನೀವು ಬಾಗಿಲು ಹಾಕಿಕೊಂಡು ಒಳಗೆ ಓದುತ್ತೀರಿ, ಅವಳು ಹೊರಗೆ ಕಿವಿಗೊಟ್ಟು ನಿಂತಿರುತ್ತಾಳೆ. ಇವತ್ತು ಬಾಗಿಲು ತೆರೆದಿಡಿ. ಪಾಠದಲ್ಲಿ ಏನಾಯಿತೆಂದು ಅವಳಿಗೆ ನಮ್ಮ ಮಾತಿನಲ್ಲಿ ಹೇಳಿ.