ಸದರಿಯ ಮಕ್ಕಳು

ನನ್ನ ಚಿಕ್ಕಪ್ಪ ಮೂವತ್ತೇಳು ವರ್ಷ ಜನನ ಮರಣ ಕಚೇರಿಯ ದಾಖಲೆ ಕೋಣೆಯಲ್ಲಿ ಗುಮಾಸ್ತನಾಗಿದ್ದ. ಕಚೇರಿಯ ಭಾಷೆ ಅವನ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ ಮನೆಯಲ್ಲೂ ಅದನ್ನೇ ಆಡುತ್ತಿದ್ದ. "ಸದರಿ ಕೊಡೆಯನ್ನು ಸದರಿ ಮೊಳೆಗೇ ತಗುಲಿಹಾಕತಕ್ಕದ್ದು" ಎಂದು ಚಿಕ್ಕಮ್ಮನಿಗೆ ಅಪ್ಪಣೆ ಮಾಡುವನು. ಅವಳು ಬೇಕೆಂದೇ ಬೇರೆ ಮೊಳೆಗೆ ಹಾಕುವಳು. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ತಾವೇ ಮಕ್ಕಳ ಹಾಗೆ ಕಿತ್ತಾಡಿಕೊಂಡು ಸುಖವಾಗಿದ್ದರು. ನಾನು ಅವನ ಅಣ್ಣನ ಮಗಳು. ಎರಡು ಬೀದಿ ಆಚೆ ನನ್ನ ಮನೆ. ಅವರ ಜಗಳಕ್ಕೆ ಪಂಚಾಯ್ತಿ ಮಾಡಲು ವಾರಕ್ಕೊಮ್ಮೆಯಾದರೂ ನನ್ನನ್ನು ಕರೆಯುತ್ತಿದ್ದರು.

ಸದರಿ ಎಂದರೆ ಮೇಲೆ ಹೇಳಿದ್ದೇ ಎಂದರ್ಥ. ಕಚೇರಿ ಕಾಗದ ಓದಿದವರಿಗೆಲ್ಲ ಗೊತ್ತು. ಈ ಕತೆಯೆಲ್ಲ ಆ ಮೂರಕ್ಷರದ್ದು.

ಚಿಕ್ಕಪ್ಪ ಕೆಲಸಕ್ಕೆ ಸೇರಿದ ಎರಡನೇ ವರ್ಷ ಹಳೆಯ ಕುಟುಂಬ ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತಂತೆ. ಹನ್ನೊಂದು ಪುಸ್ತಕ, ಒಂದೊಂದೂ ಮಣೆಯಷ್ಟು ದಪ್ಪ. ಎಲ್ಲವನ್ನೂ ಹೊಸದಾಗಿ ನಕಲು ಮಾಡುವ ಕೆಲಸ ಇವನ ತಲೆಗೆ ಬಂತು. ಆರೇ ತಿಂಗಳಲ್ಲಿ ಮುಗಿಸಿದ. ಹೇಗೆಂದರೆ, ಹಳೆಯ ಪುಸ್ತಕದಲ್ಲಿ ಪ್ರತಿ ಮಗುವಿನ ಮುಂದೆಯೂ ತಂದೆಯ ಹೆಸರನ್ನು ಪೂರ್ತಿ ಬರೆದಿತ್ತು. ಇವನು ಜಾಣತನ ಮಾಡಿ, ಮನೆಯ ಚೊಚ್ಚಲ ಮಗುವಿನ ಮುಂದೆ ಮಾತ್ರ ಹೆಸರು ಬರೆದು, ಕೆಳಗಿನ ಮಕ್ಕಳಿಗೆಲ್ಲ "ಸದರಿ", "ಸದರಿ" ಎಂದು ಇಳಿಸಿಕೊಂಡು ಹೋದ. ಮೇಲಧಿಕಾರಿ ಮೆಚ್ಚುಗೆ ಪತ್ರ ಕೊಟ್ಟರು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ, ಮದುವೆಯ ಫೋಟೋಗಿಂತ ಒಂದು ಗೇಣು ಮೇಲೆ.

ಅವನ ನಿವೃತ್ತಿಗೆ ಒಂದು ವರ್ಷವಿರುವಾಗ ಆಡಳಿತ ಸುಧಾರಣೆ ಬಂತು. "ಸರದಿ ಬೇಡ, ಸಹಿ ಬೇಡ" ಎಂದು ಕಚೇರಿಯ ಬಾಗಿಲಿಗೆ ಬಟ್ಟೆ ಕಟ್ಟಿದರು. ಉಳಿದ ಗುಮಾಸ್ತರೆಲ್ಲ ಮುಖ ಗಂಟು ಹಾಕಿಕೊಂಡು ಕೂತಿದ್ದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವನು ನನ್ನ ಚಿಕ್ಕಪ್ಪ ಒಬ್ಬನೇ. ಒಂದು ನಕಲಿಗಾಗಿ ಜನ ಬಿಸಿಲಲ್ಲಿ ನಿಲ್ಲುವುದನ್ನು ಅಷ್ಟು ವರ್ಷ ಕಂಡು ಅವನಿಗೆ ಸಾಕಾಗಿತ್ತು. ಪುಸ್ತಕಗಳನ್ನು ತಾನೇ ಹೊತ್ತು ಕಂಪ್ಯೂಟರ್ ಕೋಣೆಗೆ ಕೊಟ್ಟು ಬಂದ. ಅಲ್ಲಿ ಗುತ್ತಿಗೆಯ ಮೇಲೆ ಕೂತಿದ್ದ ಹುಡುಗಿಯರಿಗೆ ಒಂದೇ ಸೂಚನೆ ಇತ್ತು: ಇದ್ದದ್ದನ್ನು ಇದ್ದ ಹಾಗೆ ಹೊಡೆಯಿರಿ, ತಲೆ ಓಡಿಸಬೇಡಿ. ಅವರು ಓಡಿಸಲಿಲ್ಲ. ತಂದೆಯ ಹೆಸರು: ಸದರಿ. ಹೊಡೆದು ಮುಗಿದ ಮೇಲೆ ಯಂತ್ರ ಎಲ್ಲರನ್ನೂ ಅಕಾರಾದಿಯಾಗಿ ಜೋಡಿಸಿತು. ಯಾರ ಮೇಲೆ ಯಾರಿದ್ದರು ಎಂಬುದು ಅಲ್ಲಿಗೆ ಅಳಿಸಿಹೋಯಿತು. ಜಾಗ ತೆರವು ಮಾಡಲು ಪುಸ್ತಕಗಳನ್ನು ಚೂರು ಮಾಡಿ ಮೂಟೆ ಕಟ್ಟಿ ಕಳಿಸಿದರು.

ಹೀಗೆ ನಮ್ಮ ಊರಿನ ಚೊಚ್ಚಲ ಮಕ್ಕಳಿಗೆ ಮಾತ್ರ ಅಪ್ಪ ಉಳಿದ. ಮಿಕ್ಕ ನಾಲ್ಕು ಸಾವಿರದ ಚಿಲ್ಲರೆ ಜನ ಸದರಿ ಎಂಬ ಒಬ್ಬನೇ ಪುಣ್ಯಾತ್ಮನ ಮಕ್ಕಳಾದರು.

ಚಿಕ್ಕಪ್ಪನಿಗೆ ಇದು ತಿಳಿದದ್ದು ನಿವೃತ್ತಿಯಾದ ಮೇಲೆ, ಗಂಡ ಹೆಂಡತಿಯ ಜಂಟಿ ಗುರುತಿನ ಚೀಟಿ ಮಾಡಿಸಲು ಹೋದಾಗ. ಅವನು ಮನೆಗೆ ಎರಡನೆಯವನು, ಚಿಕ್ಕಮ್ಮ ಅವಳ ಮನೆಗೆ ಮೂರನೆಯವಳು. ಯಂತ್ರ ಇಬ್ಬರ ತಂದೆಯ ಹೆಸರನ್ನೂ ಹೋಲಿಸಿ, ಒಡಹುಟ್ಟಿದವರು ಎಂದು ಬರೆದು, ಅವರ ಮದುವೆಯನ್ನು ತಾನೇ ರದ್ದು ಮಾಡಿತ್ತು. ಚಿಕ್ಕಮ್ಮ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇನ್ಮೇಲೆ ರೀ ಅನ್ನಬೇಕೋ, ಅಣ್ಣ ಅನ್ನಬೇಕೋ? ಅದನ್ನಾದ್ರೂ ಕೇಳ್ಕೊಂಡ್ ಬಂದ್ರಾ?"

ಅವತ್ತಿನಿಂದ ಅದೇ ಆಟ. "ಅಣ್ಣಾ, ನೀರು ಕಾದಿದೆ. ಅಣ್ಣಾ, ಕೊಡೆ ಎಲ್ಲಿಟ್ಟೆ?" ಮೊದಮೊದಲು ಅವನು ಸಿಡುಕುತ್ತಿದ್ದ, ಆಮೇಲೆ ಅವನೂ ನಗುತ್ತಿದ್ದ. ನಾಲ್ಕು ದಿನದಲ್ಲಿ ಸರಿಮಾಡಿಸುತ್ತೇನೆ ಎಂದು ಕಚೇರಿಗೆ ಹೋದ. ತಿದ್ದುಪಡಿ ಕಿಟಕಿಯಲ್ಲಿ ಕೂತವನು ಹೊಸಬ, ಒಳ್ಳೆಯವನೇ.

"ಮೂಲ ದಾಖಲೆ ತನ್ನಿ ಸಾರ್."

"ಅದನ್ನ ನೀವೇ ಚೂರು ಮಾಡಿದ್ರಲ್ಲಪ್ಪಾ."

"ಹಾಗಾದ್ರೆ ಚೂರು ಮಾಡಿದ್ದಕ್ಕೆ ಪತ್ರ ತನ್ನಿ."

"ಯಾರು ಕೊಡ್ತಾರೆ?"

"ದಾಖಲೆ ಕೋಣೆ ಗುಮಾಸ್ತರು."

"ಅದು ನಾನೇ."

"ನೀವು ರಿಟೈರ್ ಆಗಿದ್ದೀರಲ್ಲ ಸಾರ್. ಆ ಹುದ್ದೆನೂ ತೆಗೆದ್ರು."

ನಾನಾಗಿದ್ದರೆ ಕಿಟಕಿಯ ಗಾಜು ಒಡೆಯುತ್ತಿದ್ದೆ. ಚಿಕ್ಕಪ್ಪ ಮನೆಗೆ ಬಂದು ನೋಟ್ ಪುಸ್ತಕ ತೆಗೆದು, ಸದರಿಯ ಮಕ್ಕಳಿಗೆಲ್ಲ ಅವರವರ ಅಪ್ಪನನ್ನು ಹುಡುಕಿಕೊಡಲು ಕೂತ. ನೆನಪಿದ್ದದ್ದನ್ನು ನೆನಪಿನಿಂದ, ಇಲ್ಲದ್ದನ್ನು ಮನೆಮನೆ ಕದ ತಟ್ಟಿ ಬರೆದ. ದರ್ಜಿಯನ್ನು ಕೇಳಿದ, ಬೀಗ ರಿಪೇರಿಯವನನ್ನು ಕೇಳಿದ. ಇನ್ನೂರ ಹನ್ನೆರಡು ಪುಟವಾಯಿತು. ಒಂದು ಕಡೆಯೂ ಸದರಿ ಎಂದು ಬರೆದಿರಲಿಲ್ಲ. ಆ ಪಟ್ಟಿಯನ್ನು ಕಿಟಕಿಯಲ್ಲಿ ತೆಗೆದುಕೊಂಡರು. "ನಿಮ್ಮ ಮನವಿ ಪರಿಶೀಲನೆಯಲ್ಲಿದೆ" ಎಂದು ಮೊಬೈಲಿಗೆ ಸಂದೇಶ ಬಂತು. ಪ್ರತಿ ತಿಂಗಳೂ ಅದೇ ಸಂದೇಶ ಬರುತ್ತಿತ್ತು, ಅವನು ಪ್ರತಿ ತಿಂಗಳೂ ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತಿದ್ದ.

ಅಷ್ಟರಲ್ಲಿ ಚಿಕ್ಕಮ್ಮನ ಹೊಟ್ಟೆಯಲ್ಲಿ ಗೆಡ್ಡೆ ಎಂದರು. ಕೈ ಮೀರಿದೆ ಎಂದೂ ಹೇಳಿದರು. ಒಂದು ಮಧ್ಯಾಹ್ನ ನಾನು ಅವಳ ತಲೆ ಬಾಚುತ್ತಿದ್ದೆ, ಚಿಕ್ಕಪ್ಪ ಎದುರಿಗೇ ಕೂತಿದ್ದ. ಅವಳು ತಮಾಷೆ ಮಾಡದೆ ಹೇಳಿದಳು:

"ನಾನು ಹೋಗೋದ್ರೊಳಗೆ ನನ್ನ ಗಂಡನ್ನ ನಂಗೆ ವಾಪಸ್ ಬರೆಸಿಕೊಡಿ. ಮೂವತ್ತೆರಡು ವರ್ಷ ಸಂಸಾರ ಮಾಡಿ, ಮದುವೆನೇ ಆಗದೋಳ ಹಾಗೆ ಹೋಗೋಕೆ ನಂಗಿಷ್ಟ ಇಲ್ಲ."

ಆಮೇಲೆ ಅವನು ದಿನಾ ಹೋದ. ನಾನೂ ಜೊತೆಗೆ ಹೋದೆ. ದೊಡ್ಡ ಕಚೇರಿಗೆ ಹೋದೆವು, ಅಲ್ಲಿ ಇದು ಚಿಕ್ಕ ಕಚೇರಿಯ ಕೆಲಸ ಎಂದರು. ಮದುವೆಯ ಫೋಟೋ ತೋರಿಸಿದ. ಫೋಟೋ ದಾಖಲೆಯಲ್ಲ ಎಂದರು. ಅವನ ಅಣ್ಣ ಬಂದು ಹೇಳಿದರೆ ಆಗಬಹುದೇನೋ ಎಂದರು, ನನ್ನ ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ನಾನೇ ಹೇಳುತ್ತೇನೆ ಎಂದರೆ, ಯಂತ್ರದಲ್ಲಿ ನನ್ನ ಅಜ್ಜ ಬೇರೆ, ಅವನ ಅಪ್ಪ ಬೇರೆ. ನಾನು ಅವನಿಗೆ ಏನೂ ಆಗಬೇಕಾದವಳಲ್ಲ. ಗೋಡೆಗಾದರೂ ಹೇಳಿಕೊಳ್ಳಬಹುದಿತ್ತು. ಎಲ್ಲರೂ "ನಾವೇನು ಮಾಡೋಣ ಹೇಳಿ" ಎಂದು ಮೃದುವಾಗಿಯೇ ಹೇಳುತ್ತಿದ್ದರು, ಅದೇ ನನಗೆ ಸಹಿಸಲಾಗುತ್ತಿರಲಿಲ್ಲ. ಬಯ್ಯಲು ಒಬ್ಬ ಕೆಟ್ಟವನಾದರೂ ಸಿಗಬಾರದೆ?

ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಆಸ್ಪತ್ರೆಯಲ್ಲಿ, ಚಿಕ್ಕಮ್ಮ ಹೋದಳು.

ದೇಹ ಬಿಟ್ಟುಕೊಡುವ ಕಿಟಕಿ ಐದಕ್ಕೆ ಮುಚ್ಚುತ್ತದೆ, ಮುಂದೆ ಎರಡು ದಿನ ರಜ ಎಂದರು. ಅಲ್ಲಿ ಕೂತಿದ್ದ ಹೆಂಗಸು ಚಿಕ್ಕಪ್ಪನ ಗುರುತಿನ ಚೀಟಿ ನೋಡಿ ಕೇಳಿದಳು.

"ನೀವು ಅವರಿಗೆ ಏನಾಗಬೇಕು?"

"ಗಂಡ."

ಅವಳು ಒತ್ತಿದಳು. ಪರದೆ ಕೆಂಪಾಯಿತು. "ತಗೊಳ್ತಾ ಇಲ್ಲ ಸಾರ್."

"ಇನ್ನೊಂದ್ಸಲ ಒತ್ತಿ ನೋಡಮ್ಮ."

ಪಾಪ, ಇನ್ನೊಮ್ಮೆ ಒತ್ತಿದಳು, ಮತ್ತೂ ಒಮ್ಮೆ. ನಾನು ಕಿರುಚಾಡಿದೆ. ಕಾವಲುಗಾರ ಬಂದ. ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡ.

"ಸುಮ್ನಿರು ಮಗಳೇ. ಅವಳದ್ದೇನೂ ತಪ್ಪಿಲ್ಲ. ಸದರಿ ತಪ್ಪು ನನ್ನದು."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತು. ಅವನು ಕಿಟಕಿಗೆ ಬಗ್ಗಿ "ಅಣ್ಣ ಅಂತ ಒತ್ತಮ್ಮ" ಎಂದ. ಚೀಟಿ ತಕ್ಷಣ ಹೊರಬಂತು. ಮೃತಳು ಅವಿವಾಹಿತೆ, ಪಡೆಯುವವರು ಸಹೋದರ, ಮೇಲಿನದೆಲ್ಲ ಸತ್ಯವೆಂದು ಸಹಿ. ಮೂವತ್ತೇಳು ವರ್ಷದಲ್ಲಿ ಒಂದೂ ಸುಳ್ಳು ನಮೂದು ಮಾಡದವನು ತನ್ನ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದ. ಅಭ್ಯಾಸಬಲದಿಂದ ಕೆಳಗೆ ತಾರೀಖನ್ನೂ ಬರೆದ.

ವ್ಯಾನಿನಲ್ಲಿ ಅವಳ ಪಕ್ಕದಲ್ಲಿ ಕೂತಿದ್ದೆವು. ಸೇತುವೆ ದಾಟಿದ ಮೇಲೆ ಅವನು ನನ್ನ ಕಡೆ ತಿರುಗಿದ.

"ಬೆಳಿಗ್ಗೆ ಒಂದ್ಸಲ ಕಣ್ಣು ಬಿಟ್ಟಳು. ಅಣ್ಣ ಅನ್ನಲಿಲ್ಲ, 'ರೀ' ಅಂದ್ಳು. ಅದನ್ನ ನಾನು ಎಲ್ಲಿ ಬರೆಸ್ಲಿ?"