ನಿಂಗಪ್ಪನ ದುರ್ಬೀನು

ವೀರಭದ್ರಪ್ಪನ ತಂದೆ ಸುಳ್ಳುಗಾರನಾಗಿರಲಿಲ್ಲ. ಸುಳ್ಳು ಹೇಳಿದವನು ನಾನು. ಒಂದೇ ಒಂದು ವಾಕ್ಯ — ಹೇಳಿ ಇಪ್ಪತ್ತು ವರ್ಷಗಳ ಮೇಲಾಯಿತು. ನನ್ನ ಹೆಂಡತಿಯನ್ನು ಬಿಟ್ಟರೆ ಈ ಸಂಗತಿ ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲ.

ರಾಣೆಬೆನ್ನೂರಿನ ಪೇಟೆಯಲ್ಲಿ ನನ್ನದೊಂದು ಚಷ್ಮಾ ಅಂಗಡಿ ಇತ್ತು. ಕೈಗಡಿಯಾರ, ಕ್ಯಾಮೆರಾ, ಹಾವೇರಿ ಕಡೆಯ ಸರ್ವೆಯವರು ಹೊಲ ಅಳೆಯುವ ದುರ್ಬೀನು — ಗಾಜು ಇರುವ ಯಾವ ವಸ್ತು ಕೆಟ್ಟರೂ ನನ್ನ ಹತ್ತಿರ ಬರುತ್ತಿತ್ತು. ‘ಮಾಸ್ತರ ಕೈ ತಪ್ಪಂಗಿಲ್ಲ’ ಎನ್ನುತ್ತಿದ್ದರು ಜನ. ನಾನು ಶಾಲೆಯಲ್ಲಿ ಕಲಿಸಿದವನಲ್ಲ. ಮಾಸ್ತರ ಎಂಬ ಹೆಸರು ಹೇಗೋ ಅಂಟಿಕೊಂಡಿತ್ತು. ಆ ಮಾತು ಕೇಳುವುದೆಂದರೆ ನನಗೆ ಇಷ್ಟ — ಬೇಕಾದುದಕ್ಕಿಂತ ಹೆಚ್ಚು ಇಷ್ಟ.

ವೀರಭದ್ರಪ್ಪ ಕದರಮಂಡಲಗಿ ಹತ್ತಿರದ ಹಳ್ಳಿಯವನು. ಮೆಣಸಿನಕಾಯಿ ಬೆಳೆಯುವ ಮನೆತನ. ಚಷ್ಮಾ ಮಾಡಿಸಲು ಬಂದು ಪರಿಚಯವಾದವನು, ನನ್ನ ಓರಗೆಯವನು. ಒಂದು ಮಧ್ಯಾಹ್ನ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಚರ್ಮದ ಚೀಲವೊಂದನ್ನು ತಂದು ನನ್ನ ಮುಂದಿಟ್ಟ. ಒಳಗೆ ಗೇಣಿಗಿಂತ ಸ್ವಲ್ಪ ಉದ್ದದ ಕಪ್ಪು ಉಕ್ಕಿನ ಕೊಳವೆ. ಎರಡೂ ತುದಿಗೆ ಚರ್ಮದ ಟೊಪ್ಪಿಗೆ. ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು ಅದು. ಅಂಥದ್ದನ್ನು ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

“ನಮ್ಮಪ್ಪಂದರಿ,” ಅಂದ. “ಗೋರಾ ಸಾಹೇಬ ಕೊಟ್ಟದ್ದು.”

ಅವನ ತಂದೆ ನಿಂಗಪ್ಪ ಹರೆಯದಲ್ಲಿ ಒಬ್ಬ ಇಂಗ್ಲಿಷ್ ರೈಲ್ವೆ ಎಂಜಿನಿಯರನಿಗೆ ಶಿಕಾರಿಯ ದಾರಿ ತೋರಿಸುತ್ತಿದ್ದನಂತೆ. ರಾಣೆಬೆನ್ನೂರಿನ ಆಚೆಯ ಬಯಲಿನಲ್ಲಿ ಆಗ ಚಿಗರಿ ಜಿಂಕೆಗಳು ಹಿಂಡುಹಿಂಡಾಗಿ ಮೇಯುತ್ತಿದ್ದವು. ಒಂದು ದಿನ ಸಾಹೇಬ ಬಂದೂಕನ್ನು ನಿಂಗಪ್ಪನ ಕೈಗೆ ಕೊಟ್ಟು, ನೋಡು, ಹೊಡೆ ಎಂದ. ನಿಂಗಪ್ಪ ನೋಡಿದ. ಫರ್ಲಾಂಗು ದೂರದ ಚಿಗರಿಯ ಕಣ್ಣ ರೆಪ್ಪೆ ಕಂಡಿತು. ಹುಲ್ಲು ಮೆಲ್ಲುವ ತುಟಿ ಕಂಡಿತು. ಬಂದೂಕು ಕೆಳಗಿಟ್ಟು, “ಇಷ್ಟು ಹತ್ತರದಿಂದ ನೋಡಿದ ಮ್ಯಾಲ ಹೊಡಿಯಾಕ ಆಗೂದಿಲ್ರಿ” ಎಂದನಂತೆ. ಸಾಹೇಬ ಊರು ಬಿಡುವಾಗ ಬಂದೂಕನ್ನು ತಾನು ಒಯ್ದು, ದುರ್ಬೀನನ್ನು ಬಿಚ್ಚಿ ನಿಂಗಪ್ಪನಿಗೆ ಕೊಟ್ಟ. ಕೊಳವೆಯ ತಳದಲ್ಲಿ ಸಾಹೇಬನ ಹೆಸರಿನ ಎರಡು ಇಂಗ್ಲಿಷ್ ಅಕ್ಷರ ಕೊರೆದಿದ್ದವು.

ಊರವರು ಇದನ್ನು ನಂಬಲಿಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ ಕೊಂಡು ತಂದು ಕಥೆ ಕಟ್ಟಿದ್ದಾನೆ ಎಂದು ನಕ್ಕರು. ‘ಬಂಡಲ್ ನಿಂಗಪ್ಪ’ ಎಂದು ಹೆಸರಿಟ್ಟರು. ಆ ಹೆಸರು ಅವನು ಸತ್ತರೂ ಸಾಯಲಿಲ್ಲ. ಶಾಲೆಗೆ ಹೋಗುವಾಗ ವೀರಭದ್ರಪ್ಪ ಈ ಹೆಸರಿಗಾಗಿ ಹೊಡೆದಾಡಿ ಒಂದು ಹಲ್ಲು ಕಳೆದುಕೊಂಡಿದ್ದ.

“ಮಾರೂದಿಲ್ರಿ ಇದನ್ನ. ತಿಳದವ್ರೊಬ್ರು ನೋಡಿ, ಇದು ಖರೇ ಅಂತ ಒಂದು ಚೀಟಿ ಬರದು ಕೊಟ್ರ ಸಾಕು. ಚೌಕಟ್ಟು ಹಾಕಿಸಿ ಅಪ್ಪನ ಫೋಟೋದ ಬಾಜೂಕ ಇಡ್ತೇನಿ.” ಎದ್ದು ಹೋಗುವಾಗ ಮತ್ತೊಂದು ಮಾತು ಹೇಳಿದ. “ಒಳಗ ಬಿಚ್ಚಬ್ಯಾಡ್ರಿ ಮಾಸ್ತರ. ಅಪ್ಪ ಯಾರಿಗೂ ಬಿಚ್ಚಾಕ ಕೊಟ್ಟಿದ್ದಿಲ್ಲ.”

ಬಿಚ್ಚುವುದಿಲ್ಲ ಎಂದೆ. ಬಿಚ್ಚಿದೆ.

ಯಾಕೆ — ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗಾಜಿನ ಒಳಗೆ ಮಂಜು ಕಟ್ಟಿದಂತೆ ಬೂಷ್ಟು ಹಿಡಿದಿತ್ತು. ಕಣ್ಣಿಟ್ಟರೆ ಮಜ್ಜಿಗೆಯೊಳಗಿಂದ ನೋಡಿದ ಹಾಗೆ. ಒರೆಸಿ ಕೊಟ್ಟರೆ ಅವನಿಗೇ ಸಂತೋಷ ಎಂದುಕೊಂಡೆ. ಅದಲ್ಲ. ಒಳಗೇನಿದೆ ಎಂದು ನೋಡಬೇಕಿತ್ತು ನನಗೆ. ಅಷ್ಟೇ.

ಆ ಮಧ್ಯಾಹ್ನ ಇಂದಿಗೂ ಕನಸಿನಂತೆ ಕಾಣುತ್ತದೆ. ನಡುವಿನ ಗಾಜುಗಳನ್ನು ತೆಗೆದಿಟ್ಟು, ಉಳಿದ ಕೊಳವೆಯನ್ನು ಬಾಗಿಲ ಕಡೆ ಹಿಡಿದರೆ — ಇಡೀ ಪೇಟೆ ತಲೆಕೆಳಗು. ಹೂವಿನ ಬುಟ್ಟಿಗಳು ಮೇಲೆ ತೂಗಾಡುತ್ತಿದ್ದವು, ಎತ್ತುಗಳು ಆಕಾಶಕ್ಕೆ ಕಾಲೂರಿ ಸದ್ದಿಲ್ಲದೆ ನಡೆಯುತ್ತಿದ್ದವು, ಕೆಳಗೆ ಬಿಳಿಯ ಬಿಸಿಲು ಕೆರೆಯಂತೆ ತುಂಬಿಕೊಂಡಿತ್ತು. ಎಷ್ಟು ಹೊತ್ತು ನೋಡುತ್ತ ಕುಳಿತೆನೋ. ಆ ಮೈಮರೆವಿನಲ್ಲೇ ಕೈಯಲ್ಲಿದ್ದ ಚಿಮುಟ ಒಳಗಿನ ಗುರಿಯ ಎಳೆಗೆ ತಾಗಿತು. ಅಡ್ಡ ಒಂದು, ಉದ್ದ ಒಂದು — ಜೇಡರ ಬಲೆಯಿಂದ ತೆಗೆದ ಎಳೆಗಳು. ಹಳೆಯ ಕಾಲದಲ್ಲಿ ಹಾಗೇ ಕೂರಿಸುತ್ತಿದ್ದರು. ಉಸಿರು ತಾಗಿದರೂ ನಡುಗುವಂಥವು. ಎರಡೂ ಹೋದವು. ಸದ್ದು ಕೂಡ ಆಗಲಿಲ್ಲ.

ಅಂಗಡಿಯ ಮೂಲೆಮೂಲೆಯ ಬಲೆಗಳಿಂದ ಎಳೆ ತೆಗೆಯಲು ನೋಡಿದೆ. ಕೈಗೆ ಬಂದದ್ದು ಬರೀ ಧೂಳು. ಮೂರನೆಯ ದಿನ ಮನೆಯ ಹಿತ್ತಲಿನಲ್ಲಿ ಬಿಸಿಲಿಗೆ ಕುಳಿತು ತಲೆ ಬಾಚುತ್ತಿದ್ದ ಹೆಂಡತಿಯ ಹತ್ತಿರ ಹೋಗಿ, ಬಾಚಣಿಗೆಯಲ್ಲಿ ಸಿಕ್ಕಿದ್ದ ಒಂದು ಕೂದಲು ತೆಗೆದುಕೊಂಡೆ. ಅದನ್ನೇ ಎರಡು ತುಂಡು ಮಾಡಿ, ಅಂಟು ಹಾಕಿ ಕೂರಿಸಿದೆ. ಜೇಡರ ಎಳೆಯ ಮುಂದೆ ಅದು ಹಗ್ಗದಷ್ಟು ದಪ್ಪ. ಆದರೂ ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಕಾಣಲಿ ಎಂದು ನಾನು ಬಯಸಿದ್ದೆ.

“ಅವರಿಗೆ ಹೇಳೀರೇನು?” ಎಂದು ಕೇಳಿದಳು ಹೆಂಡತಿ.

“ಹೇಳ್ತೇನಿ” ಎಂದೆ.

ಬೆಳಗಾವಿಯಲ್ಲಿ ದೇಶಪಾಂಡೆ ಎಂಬ ಒಬ್ಬ ಹಿರಿಯರು ಇಂಥ ಹಳೆಯ ದುರ್ಬೀನುಗಳನ್ನು ಸಂಗ್ರಹಿಸುತ್ತಾರೆ ಎಂದು ಕೇಳಿದ್ದೆ. ದುರ್ಬೀನು ಬಿಚ್ಚುವ ಮೊದಲೇ ನಾನು ಪತ್ರ ಬರೆದು ಕರೆಸಿದ್ದೆ. ಅವರು ಬಂದ ದಿನ ವೀರಭದ್ರಪ್ಪ ಮಡಿ ಅಂಗಿ ಹಾಕಿಕೊಂಡು ಅಂಗಡಿಗೆ ಬಂದಿದ್ದ. ಊರಿನ ನಾಲ್ವರನ್ನೂ ಜೊತೆಗೆ ಕರೆತಂದಿದ್ದ — ಅವರ ಕಿವಿಗೇ ಬೀಳಲಿ ಎಂದು.

ದೇಶಪಾಂಡೆಯವರು ಮೊದಲು ಚೀಲವನ್ನು ನೋಡಿ ಮುಖ ಅರಳಿಸಿದರು. ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಮಗೆಲ್ಲ ತಿಳಿಸಿ ಹೇಳಿದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಂಥ ದುರ್ಬೀನು ಬಂದೂಕಿನ ನಳಿಗೆಯಷ್ಟೇ ಉದ್ದ ಇರುತ್ತಿತ್ತಂತೆ. ಆಮೇಲೆ ಜರ್ಮನಿಯ ಗಾಜಿನವರು ಅದನ್ನು ಗೇಣುದ್ದಕ್ಕೆ ತಂದರಂತೆ. ಈ ಗಾಜಿನಲ್ಲಿ ಬೆಳಕು ಬೆಳ್ಳಗೆ ಹೊಳೆಯುತ್ತದೆ. ಮೇಲೆ ನೀಲಿ ಲೇಪ ಬಳಿಯುವ ಪದ್ಧತಿ ಬರುವುದಕ್ಕಿಂತ ಮೊದಲಿನದು, ಅಂದರೆ ಸಾಹೇಬನ ಕಾಲಕ್ಕೆ ಸರಿಯಾಗಿದೆ. “ಬರೇ ಹಳೇದಾದ್ರ ಬೆಲಿ ಬರೂದಿಲ್ರಿ,” ಎಂದರು. “ತಿಕ್ಕಿ ಹೊಳಸಿದ್ರ ಬೆಲಿ ಹೋತು. ಯಾರೂ ಮುಟ್ಟಲಾರದ ಹೆಂಗ ಹುಟ್ಟಿತ್ತೋ ಹಂಗ ಉಳದಿರಬೇಕು. ಅದಕ್ಕ ಬೆಲಿ.”

ವೀರಭದ್ರಪ್ಪ ಆ ನಾಲ್ವರ ಕಡೆ ನೋಡಿದ. ಆ ನೋಟ — ನಾನು ಅದನ್ನು ವರ್ಣಿಸಲಾರೆ.

ಆಮೇಲೆ ದೇಶಪಾಂಡೆಯವರು ದುರ್ಬೀನಿಗೆ ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ತೆಗೆದಾಗ ಮುಖ ಬದಲಾಗಿತ್ತು.

“ಇದನ್ನ ಯಾರೋ ಬಿಚ್ಚ್ಯಾರ. ಒಳಗಿಂದು ಮನುಷ್ಯಾರ ಕೂದಲಾ. ಅಂಟೂ ಈಗಿಂದು. ಒಳಗ ಹಿಂಗ ಮಾಡಿದವರು ಹೊರಗ ಎರಡು ಅಕ್ಷರ ಕೊರಿಯೂದೇನು ದೊಡ್ಡ ಮಾತಲ್ಲ. ನಾ ಬರದು ಕೊಡಾಕ ಆಗೂದಿಲ್ರಿ.”

ವೀರಭದ್ರಪ್ಪ ನನ್ನ ಕಡೆ ತಿರುಗಿದ. ಅನುಮಾನದಿಂದಲ್ಲ, ಆಸೆಯಿಂದ. “ಮಾಸ್ತರ, ನೀವು ಹೇಳ್ರಿ. ನಾ ಕೊಟ್ಟಾಗ ಹಿಂಗ ಇತ್ತೇನ್ರಿ?”

ಆರು ಜೋಡಿ ಕಣ್ಣು ನನ್ನ ಮೇಲೆ. ‘ಇಲ್ಲ, ನಾನು ಬಿಚ್ಚಿದೆ’ — ಇಷ್ಟೇ ಹೇಳಬೇಕಿತ್ತು.

“ಹೂಂ,” ಎಂದೆ. “ನನ್ನ ಕಡೆ ಬಂದಾಗನ ಹಿಂಗ ಇತ್ತು.”

ಅವನು ದುರ್ಬೀನನ್ನು ಮತ್ತೆ ಧೋತರದಲ್ಲಿ ಸುತ್ತಿದ. “ಹಂಗಾರ ಅಪ್ಪ...” ಎಂದ. ನಾಲ್ವರಲ್ಲಿ ಒಬ್ಬ ನಕ್ಕ.

ನನ್ನ ಮೇಲೆ ಅವನಿಗೆ ಯಾವತ್ತೂ ಸಂಶಯ ಬರಲಿಲ್ಲ. ತನಗಾಗಿ ಬೆಳಗಾವಿಯವರೆಗೆ ಪತ್ರ ಬರೆದ ಮನುಷ್ಯ ಎಂದು ಸುಗ್ಗಿಗೊಮ್ಮೆ ಒಂದು ಚೀಲ ಮೆಣಸಿನಕಾಯಿ ತಂದು ಮನೆಯಲ್ಲಿ ಇಟ್ಟು ಹೋಗುತ್ತಿದ್ದ. ಅವನು ಹೋದ ಮೇಲೆ ಹೆಂಡತಿ ಕೇಳುತ್ತಿದ್ದಳು — “ಈ ಸಲಾನೂ ಹೇಳಲಿಲ್ಲೇನು?” ಕೆಲವು ವರ್ಷಗಳ ನಂತರ ಕೇಳುವುದನ್ನೇ ಬಿಟ್ಟಳು. ಆ ಕಾಯಿಯ ಕೆಂಪು ನಮ್ಮ ಸಾರಿನಲ್ಲಿತ್ತು. ನಾನು ಉಂಡೆ. ಇಪ್ಪತ್ತು ವರ್ಷ ಉಂಡೆ.

ಹೋದ ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದೆ. ಚೀಲ ಸುರಿದಲ್ಲೆಲ್ಲ ನೆಲ ಕೆಂಪು, ಮೇಲೆ ಘಾಟು ತುಂಬಿದ ಗಾಳಿ. ಜನರೆಲ್ಲ ಕಣ್ಣೀರು ಒರೆಸಿಕೊಳ್ಳುತ್ತ ಮಾತಾಡುತ್ತಿದ್ದರು. ಆ ಕೆಂಪಿನ ನಡುವೆ ವೀರಭದ್ರಪ್ಪ ನಿಂತಿದ್ದ, ನನಗೆ ಬೆನ್ನು ಮಾಡಿ. ಹೊಸ ವ್ಯಾಪಾರಿಯೊಬ್ಬ ಅವನನ್ನು, “ಯಾರ ಪೈಕಿ ನೀವು?” ಎಂದು ಕೇಳಿದ.

“ಬಂಡಲ್ ನಿಂಗಪ್ಪನ ಮಗಾ ರೀ ನಾನು,” ಎಂದ ವೀರಭದ್ರಪ್ಪ. ಎಂದು, ನಕ್ಕ.

ಈ ಹೆಸರಿಗಾಗಿ ಹಲ್ಲು ಮುರಿಸಿಕೊಂಡವನು — ತಾನೇ ಹೇಳಿ ತಾನೇ ನಕ್ಕ. ಅದನ್ನು ಕೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಾತಾಡಿಸದೆ ಹೊರಗೆ ಬಂದೆ. ಎಂಟು ದಿನ ಬಿಟ್ಟು ಅವನ ಹಳ್ಳಿಗೆ ಹೋದೆ.

ಅಂಗಳದಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದ. “ಬರ್ರಿ ಮಾಸ್ತರ, ಕುಂದ್ರಿ” ಎಂದ. ಕುಳಿತುಕೊಳ್ಳಲಿಲ್ಲ. ನಿಂತೇ ಎಲ್ಲ ಹೇಳಿದೆ. ಬಿಚ್ಚಿದ್ದು, ಎಳೆ ಹರಿದದ್ದು, ಕೂದಲು, ಆಮೇಲೆ ಆ ವಾಕ್ಯ. ಅವನ ಕೈ ಕಾಯಿಯ ಮೇಲೆ ನಿಂತುಬಿಟ್ಟಿತು.

“ಅಪ್ಪ ಖರೇ ಹೇಳಿದ್ದ” ಎಂದ ಕೊನೆಗೆ. ನನಗಲ್ಲ, ಕಾಯಿಯ ರಾಶಿಗೆ ಹೇಳಿದಂತೆ.

ದುರ್ಬೀನು ಕೊಡು, ಈಗಲೂ ಯಾರಿಗಾದರೂ ತೋರಿಸಿ ನಾನೇ ಸಾಕ್ಷಿ ಹೇಳುತ್ತೇನೆ ಎಂದೆ. ಅವನು ತಲೆ ಎತ್ತಿದ.

“ಎಲ್ಲೈತ್ರಿ ಅದು? ಬೆಳಗಾವಿಯವ್ರು ಬಂದು ಹೋದ ವಾರಾನ ಕುಮಾರಪಟ್ಟಣಕ್ಕ ಹೋಗಿ ಹೊಳಿಗೆ ಒಗದು ಬಂದೆ. ಅಪ್ಪನ ಫೋಟೋನೂ ತಗದು ಅಟ್ಟದ ಮ್ಯಾಲ ಹಾಕಿದೆ. ಇಪ್ಪತ್ತು ವರ್ಷ, ಮಾಸ್ತರ. ನಾ ಅವಗ ಒಮ್ಮಿ ಸೈತ ಕೈ ಮುಗಿದಿಲ್ಲ.”

ನಾನು ಕ್ಷಮೆ ಎಂಬ ಪದವನ್ನು ಬಾಯಿಗೆ ತಂದೆ. ಅವನು ಕೈ ಎತ್ತಿ ತಡೆದ.

“ನನಗ ಹೇಳಿದ್ರ ಮುಗೀತೇನ್ರಿ? ನಕ್ಕವರಿಗೆ ಯಾರು ಹೇಳ್ತಾರ?”

ನೀರು ಕೊಟ್ಟ. ಬಸ್ಸಿನ ತನಕ ನಡೆದು ಬಂದ. ನಾನು ಬಸ್ಸು ಹತ್ತಿದೆ, ಅವನು ‘ಮತ್ತ ಬರ್ರಿ’ ಎನ್ನಲಿಲ್ಲ.

ಅಂದಿನಿಂದ ನಕ್ಕವರನ್ನು ಹುಡುಕಿಕೊಂಡು ತಿರುಗುತ್ತಿದ್ದೇನೆ. ಆ ದಿನ ಅಂಗಡಿಗೆ ಬಂದಿದ್ದ ನಾಲ್ವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಅವರ ಮಕ್ಕಳಿಗೆ ಹೇಳಿ ಬಂದೆ. ಮೂರನೆಯವನು, “ಸಾಕ್ಷಿ ಏನೈತಿ?” ಎಂದ. ಏನೂ ಇಲ್ಲ, ನನ್ನ ಮಾತೊಂದೇ ಎಂದೆ. ಒಮ್ಮೆ ಸುಳ್ಳು ಹೇಳಿದವನ ಮಾತು ಯಾಕೆ ನಂಬಬೇಕು ಎಂದ. ಮತ್ತೆ ಮೊದಲಿನಿಂದ ಹೇಳಿದೆ. ಬೆಳಗಾವಿಗೆ ಬರೆದ ಕಾಗದಕ್ಕೆ ಉತ್ತರ ಬಂದಿಲ್ಲ. ದೇಶಪಾಂಡೆಯವರು ಇದ್ದಾರೋ ಇಲ್ಲವೋ.

ಉಳಿದವನು ಒಬ್ಬ. ಹಾವೇರಿಯಲ್ಲಿ ಮಗಳ ಮನೆಯಲ್ಲಿದ್ದಾನಂತೆ, ಕಿವಿ ಸರಿಯಾಗಿ ಕೇಳಿಸುವುದಿಲ್ಲವಂತೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಗಟ್ಟಿಯಾಗಿ ಹೇಳಬೇಕಾಗುತ್ತದೆ — ಓಣಿಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.